ಆಪ್ತಸಮಾಲೋಚಕರಾಗಬೇಕೆ? ಮೊದಲು ಕುರ್ಚಿ ಆರಿಸಿ, ಆಮೇಲೆ ಕೋರ್ಸು

ನಲವತ್ತರ ಆಸುಪಾಸಿನಲ್ಲಿ ಕೆಲಸ ಬದಲಿಸಿ ಕೌನ್ಸೆಲಿಂಗ್ ಕಲಿಯಲು ಹೊರಡುವವರಲ್ಲಿ ಕೆಲವು ಬಗೆಯವರು ಎದ್ದು ಕಾಣುತ್ತಾರೆ. ಪಾಠದ ಜೊತೆಗೆ ಮಕ್ಕಳ ಮನೆಕಷ್ಟವನ್ನೂ ಕೇಳುತ್ತ ಬಂದ ಟೀಚರುಗಳು, ಕಂಪನಿಯ ಎಚ್‌ಆರ್ ವಿಭಾಗದಲ್ಲಿ ದಣಿದವರು, ವಾರ್ಡುಗಳಲ್ಲಿ ವರ್ಷಗಟ್ಟಲೆ ದುಡಿದ ನರ್ಸುಗಳು, ಸ್ವಯಂನಿವೃತ್ತಿ ಪಡೆದ ಬ್ಯಾಂಕ್ ನೌಕರರು. ಎಲ್ಲರ ಮೊದಲ ಪ್ರಶ್ನೆ ಒಂದೇ: ‘ಯಾವ ಕೋರ್ಸ್ ಮಾಡಲಿ?’

ಅದು ಎರಡನೆಯ ಪ್ರಶ್ನೆಯಾಗಬೇಕು. ಓದು ಮುಗಿದ ಮೇಲೆ ನೀವು ಎಲ್ಲಿ ಕೂತು, ಯಾರ ಮಾತು ಕೇಳಬೇಕೆಂದಿದ್ದೀರಿ ಎನ್ನುವುದು ಮೊದಲನೆಯದು. ಆಸ್ಪತ್ರೆಯ ಕುರ್ಚಿಗೆ ಒಂದು ಕಾನೂನು, ಶಾಲೆಯ ಕುರ್ಚಿಗೆ ಇನ್ನೊಂದು ನಿಯಮ. ಒಂದು ಕಡೆ ಮರ್ಯಾದೆ ಪಡೆಯುವ ಪದವಿಯನ್ನು ಇನ್ನೊಂದು ಕಡೆ ಅರ್ಜಿಯ ಜೊತೆಗೂ ಇಟ್ಟುಕೊಳ್ಳುವುದಿಲ್ಲ. ಇದನ್ನು ಪ್ರಾಸ್ಪೆಕ್ಟಸ್ ಹೇಳುವುದಿಲ್ಲ. ಎರಡು ವರ್ಷ ಓದಿ, ಲಕ್ಷಗಟ್ಟಲೆ ಕಟ್ಟಿ, ಕೆಲಸಕ್ಕೆ ಹೋದಾಗ ‘ಇದು ಇಲ್ಲಿ ನಡೆಯುವುದಿಲ್ಲ’ ಎನಿಸಿಕೊಂಡವರು ಸಾಕಷ್ಟು ಜನರಿದ್ದಾರೆ.

ಹಂತ 1: ಕುರ್ಚಿ ಗೊತ್ತುಮಾಡಿಕೊಳ್ಳಿ

ಸ್ಥೂಲವಾಗಿ ಐದು ಜಾಗಗಳಿವೆ. ಮನೋವೈದ್ಯಕೀಯ ವಿಭಾಗವಿರುವ ಆಸ್ಪತ್ರೆ. ಶಾಲೆ-ಕಾಲೇಜು. ಕಂಪನಿಗಳ ನೌಕರರಿಗೆ ಕೌನ್ಸೆಲಿಂಗ್ ಒದಗಿಸುವ ಸಂಸ್ಥೆಗಳು. ನೊಂದ ಮಹಿಳೆಯರಿಗಾಗಿರುವ ಸಾಂತ್ವನ ಕೇಂದ್ರ ಮತ್ತು ಸಖಿ ಕೇಂದ್ರ, ಹದಿಹರೆಯದವರ ಸ್ನೇಹಾ ಕ್ಲಿನಿಕ್, ಕೌಟುಂಬಿಕ ನ್ಯಾಯಾಲಯದಂಥ ಸರ್ಕಾರಿ ವ್ಯವಸ್ಥೆಯ ಹುದ್ದೆಗಳು. ಕೊನೆಯದು, ನಿಮ್ಮದೇ ಬೋರ್ಡ್ ಹಾಕಿಕೊಂಡ ಒಂದು ಕೋಣೆ.

ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಈ ಕೊನೆಯದೇ. ಆದರೆ ಹೊಸಬರ ಬಾಗಿಲಿಗೆ ಜನ ತಾವಾಗಿ ಬರುವುದಿಲ್ಲ. ಬೇರೆ ನಾಲ್ಕರಲ್ಲಿ ಒಂದು ಕಡೆ ಕೆಲವು ವರ್ಷ ಪಳಗಿದವರ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ. ಹಾಗಾಗಿ ಸ್ವಂತ ಕೋಣೆಯ ಕನಸಿದ್ದರೂ ಲೆಕ್ಕ ಹಾಕಬೇಕಾದದ್ದು ಮೊದಲ ನೌಕರಿಯನ್ನು.

ಶಾಲೆ-ಕಾಲೇಜುಗಳಲ್ಲಿ ಈಗ ಬೇಡಿಕೆ ಏರುವ ಕಾಲ. ವಿದ್ಯಾರ್ಥಿಗಳ ಆತ್ಮಹತ್ಯೆ ಕುರಿತ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರಲ್ಲಿ ಒಬ್ಬರನ್ನಾದರೂ ನೇಮಿಸಿಕೊಳ್ಳಬೇಕು ಎಂದಿದೆ. ಆದೇಶ ಬಂದ ಮಾತ್ರಕ್ಕೆ ಹುದ್ದೆಗಳು ತುಂಬಿಬಿಡುತ್ತವೆ ಎಂದಲ್ಲ. ದಾರಿಯಂತೂ ಅಗಲವಾಗಿದೆ.

ಹಂತ 2: ಫೀಸು ಕಟ್ಟುವ ಮುಂಚೆ ರುಚಿ ನೋಡಿ

‘ಎಲ್ಲರೂ ನನ್ನ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾರೆ’ ಎನ್ನುವುದು ಈ ವೃತ್ತಿಗೆ ಬರುವವರೆಲ್ಲ ಕೊಡುವ ಕಾರಣ. ಒಳ್ಳೆಯದೇ. ಆದರೆ ನೆಂಟರಿಷ್ಟರಿಗೆ ಬುದ್ಧಿಮಾತು ಹೇಳುವವರಿಗೆ ಈ ಕೆಲಸದಲ್ಲಿ ಮೊದಲು ಬಿಡಿಸುವುದು ಬುದ್ಧಿಮಾತಿನ ಚಟವನ್ನೇ. ಸುಮ್ಮನೆ ಕೇಳುತ್ತ ಮುಕ್ಕಾಲು ಗಂಟೆ ಕೂರುವುದು ನಿಮಗೆ ಒಗ್ಗುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಕೂರಿಸುವ ಸಹಾಯವಾಣಿಗಳಿವೆ. ರಜೆಯ ದಿನಗಳಲ್ಲಿ ಆರು ತಿಂಗಳು ಅಲ್ಲಿ ಕೆಲಸ ಮಾಡಿ. ಇನ್ನೂ ಒಳ್ಳೆಯ ಪರೀಕ್ಷೆಯೆಂದರೆ ನೀವೇ ಒಬ್ಬ ಕೌನ್ಸೆಲರ್ ಬಳಿ ಹೋಗಿ ಎದುರಿನ ಕುರ್ಚಿಯಲ್ಲಿ ಕೂತು ನೋಡುವುದು. ಮಧ್ಯವಯಸ್ಸಿನಲ್ಲಿ ಕೆಲಸ ಬಿಡುವ ನಿರ್ಧಾರದ ಹಿಂದೆ ಬಳಲಿಕೆ ಎಷ್ಟು, ಆಸಕ್ತಿ ಎಷ್ಟು ಎನ್ನುವುದೂ ಅಲ್ಲಿ ಗೊತ್ತಾಗುತ್ತದೆ.

ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳು ಈ ರುಚಿ ನೋಡುವ ಮಟ್ಟಿಗೆ ಚೆನ್ನ. ಅವು ಪರವಾನಗಿಯಲ್ಲ. ಮೂರು ತಿಂಗಳಲ್ಲಿ ‘ಸರ್ಟಿಫೈಡ್ ಥೆರಪಿಸ್ಟ್’ ಮಾಡಿಕೊಡುತ್ತೇವೆ ಎನ್ನುವ ಜಾಹೀರಾತು ಕಂಡರೆ ಮುಂದಿನ ಪುಟಕ್ಕೆ ಹೋಗಿ.

ಹಂತ 3: ಕುರ್ಚಿಯಿಂದ ಹಿಂದಕ್ಕೆ ನಡೆದು ಪದವಿ ಹುಡುಕಿ

ಆಸ್ಪತ್ರೆಯಲ್ಲಿ ರೋಗಪತ್ತೆ, ಮಾನಸಿಕ ಪರೀಕ್ಷೆ, ಚಿಕಿತ್ಸೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಮಾನ್ಯತೆಯಿರುವ ಕೋರ್ಸೇ ಆಗಬೇಕು. ಓದು ಮುಗಿದ ಮೇಲೆ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಸೇರಬೇಕು. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಈ ವೃತ್ತಿ ನಡೆಸುವುದು ಶಿಕ್ಷಾರ್ಹ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಹಲವು ವಿಶ್ವವಿದ್ಯಾಲಯಗಳ ಎಂಎಸ್ಸಿ ಪದವಿಯ ಹೆಸರಿನಲ್ಲಿ ‘ಕ್ಲಿನಿಕಲ್ ಸೈಕಾಲಜಿ’ ಎಂದಿರುತ್ತದೆ. ಹೆಸರಿನಲ್ಲಿ ಆ ಮಾತಿದ್ದ ಮಾತ್ರಕ್ಕೆ ಆರ್‌ಸಿಐ ನೋಂದಣಿ ಸಿಗುವುದಿಲ್ಲ. ಆ ಕಾಲೇಜಿನ ಆ ಕೋರ್ಸು, ನೀವು ಸೇರುವ ವರ್ಷದಲ್ಲಿ, ಆರ್‌ಸಿಐ ಪಟ್ಟಿಯಲ್ಲಿ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲೇ ನೋಡಬೇಕು. ಪ್ರವೇಶ ವಿಭಾಗದವರ ಬಾಯಿಮಾತು ಸಾಲದು.

ಇಷ್ಟು ವರ್ಷ ಈ ಕುರ್ಚಿಯ ರಾಜಮಾರ್ಗವೆಂದರೆ ಮನಃಶಾಸ್ತ್ರದ ಎಂಎ ಅಥವಾ ಎಂಎಸ್ಸಿ, ಅದರ ಮೇಲೆ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್. ರಾಷ್ಟ್ರೀಯ ಶಿಕ್ಷಣ ನೀತಿ ಎಂಫಿಲ್ ಪದವಿಯನ್ನೇ ಕೈಬಿಟ್ಟ ಮೇಲೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಈ ಎರಡು ವಿಷಯಗಳಿಗೆ ವಿನಾಯಿತಿ ಕೊಟ್ಟು, 2025–26ರ ಸಾಲಿನವರೆಗೆ ಅವಧಿ ವಿಸ್ತರಿಸಿತ್ತು. ಇತ್ತ ಆರ್‌ಸಿಐ ಎರಡು ವರ್ಷದ ಎಂಎ ಕ್ಲಿನಿಕಲ್ ಸೈಕಾಲಜಿ ಕೋರ್ಸನ್ನು ಹೊಸದಾಗಿ ತಂದಿದೆ. ಅಂದರೆ ಐದು ವರ್ಷದ ಹಿಂದೆ ಈ ದಾರಿ ಹಿಡಿದವರ ಸಲಹೆ ಈಗ ಹಳಸಿದೆ. ಅವರ ಅನುಭವ ಕೇಳಿ, ನಿಯಮ ಮಾತ್ರ ಈ ವರ್ಷದ್ದನ್ನೇ ಓದಿ. ಬಿಕಾಂ ಓದಿದ ನಲವತ್ತೈದರ ವ್ಯಕ್ತಿ ಈ ದಾರಿ ಹಿಡಿಯುವುದಾದರೆ ಸಮಯ ಬಹಳ ಹಿಡಿಯುತ್ತದೆ, ಸ್ಪರ್ಧೆಯೂ ಕಠಿಣ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ರೋಗಪತ್ತೆ ನಿಮ್ಮ ಗುರಿಯಲ್ಲ, ದಾಂಪತ್ಯದ ಬಿರುಕು, ಪರೀಕ್ಷೆಯ ಭಯ, ಕೆಲಸದ ಒತ್ತಡ, ಸಾವಿನ ದುಃಖ ಇಂಥವುಗಳ ಜೊತೆ ಕೆಲಸ ಮಾಡುತ್ತೇನೆ ಎನ್ನುವವರಿಗೆ ಎಂಎಸ್ಸಿ ಕೌನ್ಸೆಲಿಂಗ್ ಸೈಕಾಲಜಿ ನೇರ ದಾರಿ. ಬೆಂಗಳೂರಿನ ಮಾಂಟ್‌ಫೋರ್ಟ್ ಕಾಲೇಜು, ಕ್ರೈಸ್ಟ್ ವಿಶ್ವವಿದ್ಯಾಲಯದಂಥ ಕಡೆ ಈ ವಿಷಯದಲ್ಲೇ ವಿಶೇಷ ಓದು ಇದೆ. ಕೌನ್ಸೆಲರ್ ಎಂಬ ಹೆಸರಿಗೆ ನಮ್ಮಲ್ಲಿ ಬಹುಕಾಲ ಯಾವ ಕಾವಲೂ ಇರಲಿಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದಿತ್ತು. 2021ರ ಆರೋಗ್ಯ ಸಂಬಂಧಿತ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ಚಿತ್ರ ಬದಲಿಸಲು ಹೊರಟಿದೆ. ಕ್ಲಿನಿಕಲ್ ಸೈಕಾಲಜಿಸ್ಟರನ್ನು ಆರ್‌ಸಿಐಗೆ ಬಿಟ್ಟು, ಉಳಿದ ಮನಃಶಾಸ್ತ್ರಜ್ಞರು, ಆರೋಗ್ಯ ಕ್ಷೇತ್ರದ ಕೌನ್ಸೆಲರುಗಳು, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎಲ್ಲರನ್ನೂ ಅದು ತನ್ನ ಅನುಸೂಚಿಗೆ ಸೇರಿಸಿಕೊಂಡಿದೆ. ನೋಂದಣಿ ಕಡ್ಡಾಯವಾಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಡಿಪ್ಲೊಮಾ ಇರುವುದಕ್ಕಿಂತ ಪೂರ್ಣ ಸ್ನಾತಕೋತ್ತರ ಪದವಿ ಇರುವುದು ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಧ್ಯವಯಸ್ಸಿನವರು ಅನ್ಯಾಯವಾಗಿ ಮರೆಯುವ ಇನ್ನೊಂದು ಪದವಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಯಾವ ವಿಷಯದಲ್ಲಿ ಪದವಿ ಪಡೆದವರಿಗೂ ಬಹುತೇಕ ಕಡೆ ಬಾಗಿಲು ತೆರೆದಿರುತ್ತದೆ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ವಿಶೇಷ ವಿಷಯವಾಗಿ ತೆಗೆದುಕೊಂಡರೆ ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ಮಹಿಳಾ-ಮಕ್ಕಳ ಯೋಜನೆಗಳ ಹುದ್ದೆಗಳಿಗೆಲ್ಲ ಅರ್ಜಿ ಹಾಕಬಹುದು. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಈ ಓದಿನಲ್ಲಿ ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ಕ್ಷೇತ್ರಕಾರ್ಯ. ಕೊಳೆಗೇರಿ, ವಾರ್ಡು, ಪೊಲೀಸ್ ಠಾಣೆ ಎಲ್ಲ ಕಡೆ ಓಡಾಡಬೇಕು. ಎಸಿ ಕೋಣೆಯ ಕೌನ್ಸೆಲಿಂಗ್ ಕಲ್ಪಿಸಿಕೊಂಡವರಿಗೆ ಇದು ರುಚಿಸದು. ಆದರೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ ಪ್ರಯೋಗದಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಅದರ ತಂಡದಲ್ಲಿ ಮನೋವೈದ್ಯರ ಪಕ್ಕದಲ್ಲೇ ಸಮಾಜಕಾರ್ಯಕರ್ತರ ಕುರ್ಚಿಯೂ ಇದೆ. ಒಂದು ಎಚ್ಚರ: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುವ ‘ಮನೋವೈದ್ಯಕೀಯ ಸಮಾಜಕಾರ್ಯಕರ್ತ’ ಆಗಲು ಬರೀ ಎಂಎಸ್‌ಡಬ್ಲ್ಯು ಸಾಲದು, ಅದರ ಮೇಲೆ ಎರಡು ವರ್ಷದ ಎಂಫಿಲ್ ಕೇಳುತ್ತದೆ.

ಶಿಕ್ಷಕರಿಗೆ ಬೇರೆಯೇ ಒಂದು ಹತ್ತಿರದ ದಾರಿಯಿದೆ: ಎನ್‌ಸಿಇಆರ್‌ಟಿಯ ಒಂದು ವರ್ಷದ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದರ ಒಂದು ಕೇಂದ್ರ. ಮನೆಯಿಂದಲೇ ಓದುವ ಆರು ತಿಂಗಳು, ಕೇಂದ್ರದಲ್ಲಿ ಮುಖಾಮುಖಿ ತರಬೇತಿ ಮೂರು ತಿಂಗಳು, ತಮ್ಮೂರಿನಲ್ಲೇ ಇಂಟರ್ನ್‌ಶಿಪ್ ಮೂರು ತಿಂಗಳು. ಶಾಲೆ ಬಿಟ್ಟು ಹೊರಗೆ ಹೋಗುವ ಯೋಚನೆಯಿಲ್ಲದವರು ಮೊದಲು ಇದನ್ನು ನೋಡಬೇಕು.

ಹಂತ 4: ದೂರಶಿಕ್ಷಣದ ಆಸೆ ಬಿಡಿ

ನೌಕರಿಯಲ್ಲಿದ್ದುಕೊಂಡೇ ಇಗ್ನೋದಲ್ಲಿ ಮನಃಶಾಸ್ತ್ರದ ಎಂಎ ಮಾಡುವುದು ಇಷ್ಟು ವರ್ಷ ಎಲ್ಲರೂ ಹೇಳುತ್ತಿದ್ದ ಉಪಾಯ. ಈಗ ಆ ಬಾಗಿಲು ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವೂ ಸೇರಿದಂತೆ ಮೇಲೆ ಹೇಳಿದ 2021ರ ಕಾಯ್ದೆಯ ವ್ಯಾಪ್ತಿಯ ಕೋರ್ಸುಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡಬಾರದೆಂದು ಯುಜಿಸಿ ಆದೇಶಿಸಿದೆ. ಹಳೆಯ ಬ್ಲಾಗುಗಳು, ಹಳೆಯ ವಿಡಿಯೊಗಳು ಇನ್ನೂ ಅದೇ ಸಲಹೆ ಕೊಡುತ್ತಿವೆ. ಕೆಲವು ಏಜೆಂಟರೂ ಕೊಡುತ್ತಾರೆ. ನಂಬಬೇಡಿ.

ನೌಕರಿ ಬಿಡಲಾಗದವರಿಗೆ ಇದು ಪೆಟ್ಟು, ಹಳ್ಳಿ-ತಾಲ್ಲೂಕಿನವರಿಗೆ ಇನ್ನೂ ದೊಡ್ಡದು. ಹಾಗಿದ್ದೂ ಆದೇಶದ ಹಿಂದಿನ ತರ್ಕವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಈಜನ್ನು ಅಂಚೆಯಲ್ಲಿ ಕಲಿಯಲಾಗದು.

ಹಂತ 5: ನಿಮ್ಮ ಹಳೆಯ ಅಂಕಪಟ್ಟಿ ತೆಗೆಯಿರಿ

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಇಂಥ ಹಳೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಕಡಿಮೆ, ಆದರೆ ಪದವಿಯಲ್ಲಿ ಮನಃಶಾಸ್ತ್ರ ಐಚ್ಛಿಕವಾಗಿ ಓದಿದವರಿಗೆ ಆದ್ಯತೆ. ಬಿಇ, ಬಿಕಾಂ ಓದಿದವರನ್ನು ಸೇರಿಸಿಕೊಳ್ಳುವುದು ಹೆಚ್ಚಾಗಿ ಖಾಸಗಿ ಸಂಸ್ಥೆಗಳು, ಫೀಸೂ ಅದಕ್ಕೆ ತಕ್ಕಂತೆ. ಅರ್ಹತೆಯ ಕಲಂ ಓದುವಾಗ ‘ಯಾವುದೇ ಪದವಿ’ ಎಂದಿದೆಯೋ ‘ಮನಃಶಾಸ್ತ್ರ ಸಹಿತ ಪದವಿ’ ಎಂದಿದೆಯೋ ನೋಡಿ.

ಹಂತ 6: ಕಾಲೇಜಿಗೆ ಹೋಗಿ ಪ್ರಶ್ನೆ ಕೇಳಿ

ಕಟ್ಟಡ, ನ್ಯಾಕ್ ಗ್ರೇಡ್, ಕ್ಯಾಂಪಸ್ಸಿನ ಫೋಟೊ ಇವುಗಳಿಂದ ಕೌನ್ಸೆಲರ್ ತಯಾರಾಗುವುದಿಲ್ಲ. ಎರಡು ವರ್ಷದಲ್ಲಿ ವಿದ್ಯಾರ್ಥಿ ನಿಜವಾದ ಕ್ಲೈಂಟ್ ಎದುರು ಎಷ್ಟು ಗಂಟೆ ಕೂರುತ್ತಾನೆ? ಸಹಪಾಠಿಗಳ ನಡುವಿನ ರೋಲ್‌ಪ್ಲೇ ಗಂಟೆಗಳನ್ನೂ ಇದರಲ್ಲೇ ಸೇರಿಸಿ ಲೆಕ್ಕ ತೋರಿಸುತ್ತಾರೆಯೇ? ಸೂಪರ್‌ವಿಷನ್, ಅಂದರೆ ವಿದ್ಯಾರ್ಥಿ ನಡೆಸಿದ ಸೆಷನ್ನುಗಳನ್ನು ಪರಿಶೀಲಿಸಿ ತಿದ್ದುವ ಕೆಲಸ, ಮಾಡುವವರು ಯಾರು, ಅವರು ಸ್ವತಃ ಈಗಲೂ ಕೌನ್ಸೆಲಿಂಗ್ ಮಾಡುತ್ತಿದ್ದಾರೆಯೇ, ಒಬ್ಬರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು? ಇಂಟರ್ನ್‌ಶಿಪ್ ಜಾಗವನ್ನು ಕಾಲೇಜೇ ಕೊಡಿಸುತ್ತದೆಯೋ, ‘ನೀವೇ ಹುಡುಕಿಕೊಳ್ಳಿ’ ಎನ್ನುತ್ತದೆಯೋ? ಬಾಯಿತುಂಬ ಉತ್ತರ ಸಿಗದಿದ್ದರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆಯಿರಿ.

ಕನ್ನಡದ ವಿಷಯವನ್ನೂ ಎತ್ತಲೇಬೇಕು. ಪಠ್ಯ, ಕೇಸ್ ವರದಿ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ನಾಳೆ ಹಾವೇರಿಯಲ್ಲೋ ಕೋಲಾರದಲ್ಲೋ ಎದುರು ಕೂರುವವರು ಎದೆ ಢವಢವ, ತಲೆಯೆಲ್ಲ ಜೋಮು, ಯಾರೋ ಏನೋ ಮಾಡಿಸಿದ್ದಾರೆ ಎಂದೇ ಹೇಳುವುದು. ಕನ್ನಡದಲ್ಲಿ ನಡೆಸಿದ ಸೆಷನ್ನಿಗೂ ಸೂಪರ್‌ವಿಷನ್ ಕೊಡಬಲ್ಲವರು ವಿಭಾಗದಲ್ಲಿದ್ದಾರೆಯೇ ಎಂದು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ಗೆ (14416) ಬರುವ ಕರೆಯಿಂದ ಹಿಡಿದು ತಾಲ್ಲೂಕು ಆಸ್ಪತ್ರೆಯ ಸ್ನೇಹಾ ಕ್ಲಿನಿಕ್ಕಿನವರೆಗೆ ಕೆಲಸ ನಡೆಯುವುದು ಜನರ ಮಾತಿನಲ್ಲೇ. ಪಾಠ ಮಾಡಿ ಪಳಗಿದ, ಬ್ಯಾಂಕ್ ಶಾಖೆಯಲ್ಲಿ ರೈತರ ಜೊತೆ ವ್ಯವಹರಿಸಿದ ನಲವತ್ತರ ವಿದ್ಯಾರ್ಥಿಗೆ ಇಪ್ಪತ್ತೆರಡರ ಸಹಪಾಠಿಗಿಂತ ಇಲ್ಲಿ ಸಲೀಸು.

ಹಂತ 7: ದುಡ್ಡು, ರಜೆ, ಕಾಗದಪತ್ರ

ಫೀಸು ಒಂದೇ ಖರ್ಚಲ್ಲ. ಎರಡು ವರ್ಷ ಸಂಬಳವಿಲ್ಲ, ಅದಾದ ಮೇಲೂ ಆರಂಭದ ಸಂಬಳ ನೀವು ಬಿಟ್ಟುಬಂದದ್ದಕ್ಕಿಂತ ಕಡಿಮೆ ಎಂದೇ ಲೆಕ್ಕ ಹಾಕಿ. ಮನೆಸಾಲದ ಇಎಂಐ, ಮಕ್ಕಳ ಪಿಯುಸಿ, ಅಪ್ಪ-ಅಮ್ಮನ ಔಷಧಿ ಇಷ್ಟನ್ನೂ ಮೂರು ವರ್ಷ ತೂಗಿಸುವ ಗಂಟು ಬೇರೆ ಇರಲಿ. ಪಿಎಫ್ ಹಣಕ್ಕೆ ಕೈಹಾಕಬೇಕಾದ ಸ್ಥಿತಿಯಿದ್ದರೆ ಒಂದು ವರ್ಷ ಮುಂದೂಡಿ. ಸರ್ಕಾರಿ ನೌಕರರು ಅರ್ಜಿ ಹಾಕುವ ಮುಂಚೆಯೇ ಇಲಾಖೆಯ ಅನುಮತಿ ಪಡೆಯಬೇಕು.

ಕುಟುಂಬದೊಂದಿಗೆ ಅಮೆರಿಕಕ್ಕೆ ಹೋಗುವ ಸಾಧ್ಯತೆ ಇರುವವರು ಇಲ್ಲಿ ಆತುರಪಡಬೇಡಿ. ಅಲ್ಲಿ ಲೈಸೆನ್ಸಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಲ್ಲಿನ ಮಾನ್ಯತಾ ಮಂಡಳಿಯ ಮಾನದಂಡದಂತೆ 60 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿ, ಅದರೊಳಗೆ 600 ಗಂಟೆಗಳ ಇಂಟರ್ನ್‌ಶಿಪ್ ಇರಬೇಕು. ನಮ್ಮ ಎಂಎಸ್ಸಿ ಅದಕ್ಕೆ ಹಾಗೇ ಹೊಂದುವುದಿಲ್ಲ.

ಕಾಗದಪತ್ರದಲ್ಲಿ ತಡವಾಗುವುದು ಯಾವಾಗಲೂ ಮೈಗ್ರೇಷನ್ ಸರ್ಟಿಫಿಕೇಟ್. ಇಪ್ಪತ್ತು ವರ್ಷದ ಹಿಂದೆ ಪದವಿ ಪಡೆದ ವಿಶ್ವವಿದ್ಯಾಲಯ ಈಗ ಎರಡಾಗಿಯೋ ಮೂರಾಗಿಯೋ ಒಡೆದಿರಬಹುದು. ನಿಮ್ಮ ದಾಖಲೆ ಯಾವ ಕಚೇರಿಯಲ್ಲಿದೆ ಎಂದು ಪತ್ತೆಹಚ್ಚುವುದೇ ಒಂದು ಕೆಲಸ. ಘಟಿಕೋತ್ಸವದ ಸರ್ಟಿಫಿಕೇಟ್ ತೆಗೆದುಕೊಳ್ಳದೇ ಬಿಟ್ಟವರೂ ಇರುತ್ತಾರೆ. ಪ್ರವೇಶ ಪ್ರಕಟಣೆಗೆ ಕಾಯದೆ, ಈ ಎರಡಕ್ಕೆ ಈಗಲೇ ಅರ್ಜಿ ಹಾಕಿ.