ದಾವಣಗೆರೆಯಿಂದ ಹೊರದೇಶದ ಎಂ.ಎಸ್‌.ಗೆ: ಯಾವ ಕಾಗದ ಮೊದಲು, ಮೊದಲ ಸೆಮಿಸ್ಟರಿನಲ್ಲಿ ಎಡವುವುದು ಎಲ್ಲಿ

ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲೋ ಅಕ್ಟೋಬರಿನಲ್ಲಿ ಜರ್ಮನಿಯಲ್ಲೋ ಕ್ಲಾಸಿಗೆ ಕೂರಬೇಕೆಂದರೆ ಹಿಂದಿನ ವರ್ಷದ ಜುಲೈ–ಆಗಸ್ಟಿನಲ್ಲೇ ಕೆಲಸಕ್ಕೆ ಕೈ ಹಾಕಬೇಕು. ಯುಬಿಡಿಟಿಯಲ್ಲಿ ಓದಿರಲಿ, ಬಿಐಇಟಿಯಲ್ಲಿರಲಿ, ಚಿತ್ರದುರ್ಗದ ಎಸ್‌ಜೆಎಂಐಟಿಯಲ್ಲಿರಲಿ, ಅಂಕ ಚೆನ್ನಾಗಿದ್ದವರಿಗೆ ಎಲ್ಲೋ ಒಂದು ಕಡೆ ಸೀಟು ಸಿಗುತ್ತದೆ. ವರ್ಷ ಹಾಳಾಗುವುದು ಬೇರೆ ಕಾರಣಕ್ಕೆ: ಒಂದು ಕಾಗದ ಬರದೆ ಇನ್ನೊಂದಕ್ಕೆ ಅರ್ಜಿ ಹಾಕಲು ಬರುವುದಿಲ್ಲ, ಅದು ಕೈಸೇರುವ ಹೊತ್ತಿಗೆ ಕೊನೆಯ ದಿನಾಂಕ ದಾಟಿರುತ್ತದೆ. ಸರದಿ ಹೀಗಿರಲಿ: ಹೆಸರು, ಪಾಸ್‌ಪೋರ್ಟ್, ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರುಗಳ ಅಂಕಗಳ ಅಧಿಕೃತ ಪಟ್ಟಿ), ಭಾಷಾ ಪರೀಕ್ಷೆ, ಜರ್ಮನಿಗಾದರೆ ಎಪಿಎಸ್ (ನಮ್ಮ ಅಂಕಪಟ್ಟಿ ಅಸಲಿಯೇ ಎಂದು ಜರ್ಮನಿಯವರು ನೋಡಿ ಕೊಡುವ ಪ್ರಮಾಣಪತ್ರ), ಆಮೇಲೆ ಅರ್ಜಿ, ವೀಸಾ. ಬ್ಯಾಂಕ್ ಸಾಲದ ಓಡಾಟ ಮಾತ್ರ ಮೊದಲ ದಿನದಿಂದಲೇ ಪಕ್ಕದಲ್ಲಿ ನಡೆಯುತ್ತಿರಬೇಕು.

ಹೆಸರಿನ ತಕರಾರು

ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ.ಎಂ.’ ಎಂದಿರುತ್ತದೆ. ಟಿ ಅಂದರೆ ಊರೋ ಮನೆತನವೋ, ಎಂ ಅಂದರೆ ಅಪ್ಪನ ಹೆಸರು. ಆಧಾರಿನಲ್ಲಿ ಅದೇ ಹೆಸರು ತಿರುಗಿ ‘ಟಿ ಎಂ ಮಂಜುನಾಥ’ ಆಗಿರುತ್ತದೆ. ಪಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತಾರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟರೂ ಇಲ್ಲಿ ನಡೆಯುತ್ತದೆ, ತೊಂದರೆ ಶುರುವಾಗುವುದು ಹೊರಗೆ ಹೋದ ಮೇಲೆ. ಅಮೆರಿಕದ ವೀಸಾದಲ್ಲಿ ಆ ಒಂಟಿ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ‘ಸ್ವಂತ ಹೆಸರು ಗೊತ್ತಿಲ್ಲ’ ಎಂದು ಕೂರುತ್ತದೆ. ಮುಂದೆ ಬ್ಯಾಂಕಿನಲ್ಲೂ ಲೈಸೆನ್ಸಿನಲ್ಲೂ ಅದೇ ಅಂಟಿಕೊಳ್ಳುತ್ತದೆ.

ಆದ್ದರಿಂದ ಇನಿಷಿಯಲ್ ಬಿಡಿಸಿ, ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ಸರ್‌ನೇಮ್ ಕಾಲಂಗೆ ಹಾಕಿಸಿ. ಅದಕ್ಕೆ ಮೊದಲು ಆಧಾರ್ ತಿದ್ದಿಸಿಕೊಳ್ಳಿ. ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ಉಳಿಯುವ ವ್ಯತ್ಯಾಸಕ್ಕೆ ‘ಎರಡೂ ಹೆಸರು ಒಬ್ಬನದೇ’ ಎಂಬ ಇಂಗ್ಲಿಷ್ ಅಫಿಡವಿಟ್ ನೋಟರಿ ಮಾಡಿಸಿ ಮೂರ್ನಾಲ್ಕು ಪ್ರತಿ ಇಟ್ಟುಕೊಳ್ಳಿ. ಮುಂದಿನ ಎಲ್ಲ ಅರ್ಜಿಗಳಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರೆಯಿರಿ, ಒಂದು ಅಕ್ಷರವೂ ಆಚೀಚೆ ಆಗಬಾರದು.

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, ದಾವಣಗೆರೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಸಾಕು. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ. ವಿಳಾಸ ಮಾತ್ರ ಪೊಲೀಸರು ಬಂದಾಗ ನೀವು ಸಿಗುವ ಮನೆಯದ್ದೇ ಇರಲಿ. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಹೊಳಲ್ಕೆರೆಯ ವಿಳಾಸ ಕೊಟ್ಟರೆ ವೆರಿಫಿಕೇಶನ್ ಅಲ್ಲೇ ನಿಲ್ಲುತ್ತದೆ.

ಟ್ರಾನ್ಸ್‌ಕ್ರಿಪ್ಟ್ ಮತ್ತು ಎಪಿಎಸ್

ಎಂಜಿನಿಯರಿಂಗ್ ಕಾಲೇಜುಗಳು ವಿಟಿಯು ಅಡಿಯಲ್ಲಿರುವುದರಿಂದ ಟ್ರಾನ್ಸ್‌ಕ್ರಿಪ್ಟ್ ಬರುವುದು ಬೆಳಗಾವಿಯಿಂದ. ಬಿ.ಎಸ್ಸಿ, ಬಿ.ಕಾಂ, ಎಂ.ಎಸ್ಸಿಯವರದ್ದು ತೋಳಹುಣಸೆಯ ಶಿವಗಂಗೋತ್ರಿಯಿಂದ. ದಾವಣಗೆರೆ ವಿಶ್ವವಿದ್ಯಾಲಯ ಆದದ್ದು 2009ರಲ್ಲಿ, ಅದಕ್ಕೂ ಮೊದಲು ಇಲ್ಲಿನ ಪದವಿ ಕಾಲೇಜುಗಳಲ್ಲಿ ಓದಿ ಮುಗಿಸಿದವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೇ ಹೋಗಬೇಕು. ಮೊಹರು ಹಾಕಿದ ಲಕೋಟೆಯಲ್ಲಿ ಕನಿಷ್ಠ 4 ಸೆಟ್ ತೆಗೆದುಕೊಳ್ಳಿ. ಕುತೂಹಲಕ್ಕೆ ಲಕೋಟೆ ಒಡೆದರೆ ಆ ಸೆಟ್ ಕೆಲಸಕ್ಕೆ ಬಾರದು. ಪರೀಕ್ಷಿಸಿ ನೋಡಲು ಒಂದು ತೆರೆದ ಪ್ರತಿ ಬೇರೆಯೇ ಕೇಳಿ ಪಡೆಯಿರಿ.

ಆ ಪ್ರತಿಯಲ್ಲಿ ನೋಡಬೇಕಾದದ್ದು ಅಂಕಗಳನ್ನಷ್ಟೇ ಅಲ್ಲ. ತೇರ್ಗಡೆಗೆ ಬೇಕಾದ ಕನಿಷ್ಠ ಗ್ರೇಡ್ ಎಷ್ಟು ಎಂಬುದು ಮುದ್ರಿತವಾಗಿದೆಯೇ ನೋಡಿ. ಜರ್ಮನಿಯವರು ನಮ್ಮ ಸಿಜಿಪಿಎಯನ್ನು ತಮ್ಮ ಅಳತೆಗೆ ಇಳಿಸುವಾಗ ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಗರಿಷ್ಠ–ಕನಿಷ್ಠಗಳ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ 1 ಕೂಡುತ್ತಾರೆ. ಅಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸು. ನಿಮ್ಮದು 10ಕ್ಕೆ 7.4 ಎಂದುಕೊಳ್ಳಿ. ಕನಿಷ್ಠ 4 ಎಂದು ಹಿಡಿದರೆ 2.3 ಬರುತ್ತದೆ, 5 ಎಂದು ಹಿಡಿದರೆ 2.56. ಎಷ್ಟೋ ಕೋರ್ಸುಗಳ ಗೆರೆ ಇರುವುದು 2.5ರಲ್ಲಿ. ಅಂದರೆ ಕನಿಷ್ಠ ಗ್ರೇಡ್ ಯಾವುದೆಂಬ ಒಂದು ಸಾಲು ಸ್ಪಷ್ಟವಾಗಿಲ್ಲದೆ ಅರ್ಜಿ ಬಿದ್ದುಹೋಗಬಹುದು. ಮುದ್ರಿತವಾಗಿಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಪ್ರತ್ಯೇಕ ಪತ್ರ ಬರೆಸಿಕೊಳ್ಳಿ.

ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಶುಲ್ಕ 18,000 ರೂಪಾಯಿ, ಕಾಗದಗಳು ಕೊರಿಯರಿನಲ್ಲಿ ದೆಹಲಿಗೆ ಹೋಗುತ್ತವೆ. ಒಂದು ಸೆಮಿಸ್ಟರಿನ ಅಂಕಪಟ್ಟಿ ಕಡಿಮೆಯಿದ್ದರೂ ಕಡತ ಬದಿಗೆ ಬೀಳುತ್ತದೆ. ಅಕ್ಟೋಬರ್ ಪ್ರವೇಶಕ್ಕೆ ಬಹಳಷ್ಟು ಕಡೆ ಕೊನೆಯ ದಿನ ಜುಲೈ 15, ಕೆಲವೆಡೆ ಮೇ ತಿಂಗಳಲ್ಲೇ ಮುಗಿದಿರುತ್ತದೆ. ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಯೂನಿ-ಅಸಿಸ್ಟ್ ಮೂಲಕವಾದರೆ ಮೊದಲ ಅರ್ಜಿಗೆ 75 ಯೂರೊ, ನಂತರದ ಪ್ರತಿಯೊಂದಕ್ಕೆ 30.

ಶಿಫಾರಸು ಪತ್ರದ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿನ ವಿಶ್ವವಿದ್ಯಾಲಯದಿಂದ ಕೊಂಡಿ ಬರುವುದು ನಿಮ್ಮ ಮೇಷ್ಟ್ರ ಇಮೇಲಿಗೆ, ಅದೂ ಕಾಲೇಜಿನ ಹೆಸರಿರುವ ವಿಳಾಸಕ್ಕೆ. ಜಿಮೇಲ್ ಕೊಟ್ಟರೆ ಎಷ್ಟೋ ಕಡೆ ಒಪ್ಪುವುದಿಲ್ಲ. ಕಾಲೇಜಿನ ಇಮೇಲ್ ಇದೆಯೇ, ಅದನ್ನು ಸರ್ ತೆಗೆದು ನೋಡುತ್ತಾರೆಯೇ ಎಂದು ಮೊದಲೇ ಕೇಳಿ. ಇನ್ನು ನಿಮ್ಮ ಉದ್ದೇಶ ಪತ್ರವನ್ನು ‘ಚಿಕ್ಕಂದಿನಿಂದಲೂ ನನಗೆ ಯಂತ್ರಗಳೆಂದರೆ ಆಸಕ್ತಿ’ ಎಂದು ಶುರುಮಾಡಬೇಡಿ, ಓದುವವರು ಅಲ್ಲೇ ಪುಟ ತಿರುಗಿಸುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಏನು ಅಳೆದಿರಿ, ಏನು ಕೈಕೊಟ್ಟಿತು ಎಂಬಲ್ಲಿಂದ ಬರೆಯಿರಿ.

ದುಡ್ಡು

ಸರ್ಕಾರಿ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡ ಬೇಡ, ಅದರ ಮೇಲೆ ಬೇಕು. ಚನ್ನಗಿರಿಯಲ್ಲಿ 5 ಎಕರೆ ಅಡಿಕೆ ತೋಟ ಇದೆ, ಇನ್ನೇನು ಎಂದು ಮನೆಯವರು ಧೈರ್ಯವಾಗಿರುತ್ತಾರೆ. ಬ್ಯಾಂಕಿನವರು ತೋಟದ ಪಹಣಿ ನೋಡಿ ವಾಪಸ್ ಕೊಡುತ್ತಾರೆ. 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ, ಸಾಲ ತೀರದಿದ್ದರೆ ಅದರಡಿ ತೋಟ ಹರಾಜು ಹಾಕಲು ಅವರಿಗೆ ಬರುವುದಿಲ್ಲ, ಅದಕ್ಕೇ. ಬೇಕಾಗುವುದು ಮನೆ, ಸೈಟು ಅಥವಾ ಠೇವಣಿ. ಹಳ್ಳಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದ್ದಾದರೆ ಇ-ಖಾತೆ, ಜೊತೆಗೆ ಇಸಿ (ಋಣಭಾರ ಪತ್ರ) ಮತ್ತು ಮೂಲ ಪತ್ರ. ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದರೆ ಖಾತೆ ಬದಲಾಗಬೇಕು, ಚಿಕ್ಕಪ್ಪ, ದೊಡ್ಡಪ್ಪ, ಅತ್ತೆಯರೆಲ್ಲರ ಸಹಿ ಬೇಕು. ಇದಕ್ಕೇ ತಿಂಗಳುಗಟ್ಟಲೆ ಹಿಡಿಯುವುದರಿಂದ ಸಾಲದ ಕೆಲಸ ಮೊದಲ ದಿನವೇ ಶುರುಮಾಡಿ ಎಂದದ್ದು.

ಪರಿಶಿಷ್ಟ ಜಾತಿ, ಪಂಗಡದವರು ಸಾಲಕ್ಕೆ ಹೋಗುವ ಮೊದಲು ರಾಜ್ಯದ ‘ಪ್ರಬುದ್ಧ’ ಯೋಜನೆಯನ್ನು ವಿಚಾರಿಸಿ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ.

ಜರ್ಮನಿಗೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚನ್ನು ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ, ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಇಂಗ್ಲೆಂಡಿನ ನಿಯಮ ಬೇರೆ. ಬಾಕಿ ಶುಲ್ಕ ಮತ್ತು 9 ತಿಂಗಳ ಜೀವನ ವೆಚ್ಚ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನ ನೂರು ರೂಪಾಯಿ ಕಡಿಮೆಯಾದರೂ ವೀಸಾ ತಿರಸ್ಕಾರ. ಸ್ಟೇಟ್‌ಮೆಂಟಿನ ಕೊನೆಯ ದಿನಾಂಕ ವೀಸಾ ಅರ್ಜಿಗಿಂತ 31 ದಿನ ಹಿಂದಿನದ್ದಾಗಿರಬಾರದು. ಖಾತೆ ನಿಮ್ಮದೋ ಅಪ್ಪ-ಅಮ್ಮನದೋ ಆಗಿರಬೇಕು. ಅಡಿಕೆ ಮಾರಿದ ದುಡ್ಡು ದೊಡ್ಡಪ್ಪನ ಖಾತೆಯಲ್ಲಿದೆ, ಒಂದೇ ಮನೆ, ಒಂದೇ ಒಲೆ ಎಂದರೆ ಅವರಿಗೆ ಅರ್ಥವಾಗುವುದಿಲ್ಲ. 28 ದಿನಕ್ಕೆ ಮೊದಲೇ ಅಪ್ಪನ ಖಾತೆಗೆ ಹಾಕಿಸಿ. ಅಪ್ಪ-ಅಮ್ಮನ ಸಂಬಂಧ ತೋರಿಸಲು ಜನನ ಪ್ರಮಾಣಪತ್ರ ಬೇಕು. ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದುಂಟು, ಅದನ್ನು ತುಂಬಿಸಿಕೊಂಡು ಇಂಗ್ಲಿಷಿಗೆ ಅನುವಾದ ಮಾಡಿಸಿ. 6 ತಿಂಗಳಿಗಿಂತ ಹೆಚ್ಚಿನ ವೀಸಾಕ್ಕೆ ಕ್ಷಯರೋಗದ ತಪಾಸಣೆಯೂ ಕಡ್ಡಾಯ, ಮಾನ್ಯತೆ ಪಡೆದ ಕೇಂದ್ರದಲ್ಲಿ ಮಾತ್ರ.

ಪೆಟ್ಟಿಗೆ, ಮನೆ

ಶೇಂಗಾ ಚಟ್ನಿಪುಡಿ, ಒಣ ಖಾರದಪುಡಿ ತೊಂದರೆಯಿಲ್ಲ. ಬೆಣ್ಣೆ, ತುಪ್ಪ, ಪೇಡ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ಮತ್ತು ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟವೂ ಬ್ರಿಟನ್ನೂ ನಿಷೇಧಿಸಿವೆ. ಹಸಿ ಕರಿಬೇವನ್ನೂ ಮನೆಯಲ್ಲೇ ಬಿಡಿ. ಬಾಡಿಗೆ ಮನೆಗೆ, ಕಣ್ಣಾರೆ ನೋಡದೆ ಮುಂಗಡ ಕಳಿಸಬೇಡಿ. ‘ಮಾಲೀಕ ಬೇರೆ ದೇಶದಲ್ಲಿದ್ದಾನೆ, ಕೀಲಿ ಕೊರಿಯರಿನಲ್ಲಿ ಬರುತ್ತದೆ’ ಎಂದರೆ ಅದು ಮೋಸವೇ. ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ. ಜರ್ಮನಿಯಲ್ಲಿ ಮನೆಗೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಸಹಿ ಇರುವ ಪತ್ರ ಬೇಕು. ಆ ಪತ್ರ ಕೊಡದ ಮನೆ ಎಷ್ಟೇ ಅಗ್ಗವಾದರೂ ಬೇಡ.

ಮೊದಲ ಸೆಮಿಸ್ಟರ್

ಇಲ್ಲಿ ಇಂಟರ್ನಲ್ಸ್, ಹಾಜರಾತಿ, ಲ್ಯಾಬ್ ರೆಕಾರ್ಡ್ ಎಲ್ಲ ಸೇರಿ ವಿದ್ಯಾರ್ಥಿಯನ್ನು ದಡ ಮುಟ್ಟಿಸುತ್ತವೆ. ಜರ್ಮನಿಯಲ್ಲಿ ಕ್ಲಾಸಿಗೆ ಬಾ ಎಂದು ಬಹುತೇಕ ಯಾರೂ ಕೇಳುವುದಿಲ್ಲ, ಎಷ್ಟೋ ವಿಷಯಗಳಲ್ಲಿ ಕೊನೆಯ ಒಂದು ಪರೀಕ್ಷೆಯೇ ಇಡೀ ಗ್ರೇಡ್. ಎರಡು ವರ್ಷಕ್ಕೆ 120 ಕ್ರೆಡಿಟ್, ಸೆಮಿಸ್ಟರಿಗೆ 30, ಒಂದೊಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಓದು. ಕೋರ್ಸಿಗೆ ಹೆಸರು ಕೊಟ್ಟರೆ ಪರೀಕ್ಷೆಗೂ ಕೊಟ್ಟಂತಲ್ಲ, ಅದಕ್ಕೆ ಪೋರ್ಟಲ್ಲಿನಲ್ಲಿ ಬೇರೆ ನೋಂದಣಿ, ಬೇರೆ ಗಡುವು. ತಪ್ಪಿದರೆ ಆ ಸಲ ಬರೆಯುವಂತಿಲ್ಲ. ನೋಂದಾಯಿಸಿ ಸುಮ್ಮನೆ ಗೈರಾದರೆ ಫೇಲು ಎಂದೇ ಲೆಕ್ಕ, ಆದ್ದರಿಂದ ಹಿಂದೆಗೆಯುವ ಕೊನೆಯ ದಿನವನ್ನೂ ಬರೆದಿಟ್ಟುಕೊಳ್ಳಿ. ಹೆಚ್ಚಿನೆಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ. ನಮ್ಮಲ್ಲಿಯ ಹಾಗೆ ಬ್ಯಾಕ್ ಇಟ್ಟುಕೊಂಡು ಆಮೇಲೆ ತೆಗೆಯುತ್ತೇನೆ ಎಂಬ ಲೆಕ್ಕಾಚಾರ ಅಲ್ಲಿ ಅಪಾಯ. ಮೊದಲ ಸೆಮಿಸ್ಟರಿನಲ್ಲಿ 30ರ ಬದಲು 20–24 ಕ್ರೆಡಿಟ್ ಬರೆದರೆ ಅವಮಾನವೇನಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ವಿಭಾಗದ ವಿದ್ಯಾರ್ಥಿ ಸಂಘ ‘ಫಾಖ್‌ಶಾಫ್ಟ್’ನವರ ಹತ್ತಿರ ಸಿಗುವುದುಂಟು, ಮೊದಲ ವಾರವೇ ಹೋಗಿ ಕೇಳಿ.

ಇಂಗ್ಲೆಂಡಿನಲ್ಲಿ ಹೆಚ್ಚಿನ ಎಂ.ಎಸ್ಸಿ ಒಂದೇ ವರ್ಷ, 180 ಕ್ರೆಡಿಟ್, ಅದರಲ್ಲಿ ಸಾಮಾನ್ಯವಾಗಿ 60 ಪ್ರಬಂಧಕ್ಕೆ. 20 ಕ್ರೆಡಿಟ್ಟಿನ ಒಂದು ವಿಷಯಕ್ಕೆ 200 ಗಂಟೆ ಓದು ನಿಗದಿ. ಕ್ಲಾಸಿನಲ್ಲಿ ಕಳೆಯುವುದು ಅದರ ಸಣ್ಣ ಪಾಲು, ಮಿಕ್ಕಿದ್ದು ನೀವಾಗಿ ಓದಬೇಕು. ಸೆಮಿನಾರಿಗೆ ಕೊಟ್ಟ ಸಂಶೋಧನಾ ಲೇಖನವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಗೆರೆ ಎಳೆಯುತ್ತಾ ಓದಿದರೆ ವಾರ ಸಾಲದು. ಸಾರಾಂಶ, ಕೊನೆಯ ಭಾಗ, ಚಿತ್ರ-ಕೋಷ್ಟಕ, ಆಮೇಲೆ ವಿಧಾನ, ಈ ಕ್ರಮದಲ್ಲಿ ಓದಿ. ಏನು ಕೇಳಿದ್ದಾರೆ, ಹೇಗೆ ಅಳೆದಿದ್ದಾರೆ, ಎಲ್ಲಿ ಸಡಿಲವಿದೆ ಎಂದು ಮೂರು ಸಾಲು ಬರೆದಿಡಿ. ಆ ಮೂರನೆಯ ಸಾಲೇ ಸೆಮಿನಾರಿನಲ್ಲಿ ನೀವು ಕೇಳುವ ಪ್ರಶ್ನೆ. ಇಂಗ್ಲಿಷ್ ತಡವರಿಸಿದರೂ ಪ್ರಶ್ನೆ ಗಟ್ಟಿಯಿದ್ದರೆ ಅಲ್ಲಿ ಕಾಯುತ್ತಾರೆ.

ಮೊದಲ ಅಸೈನ್‌ಮೆಂಟಿಗೆ 62 ಬಂದಾಗ ಇಲ್ಲಿ 85 ತೆಗೆದವರು ಕುಸಿಯುತ್ತಾರೆ. ಅಲ್ಲಿ 50 ಪಾಸು, 60 ಮೆರಿಟ್, 70 ಡಿಸ್ಟಿಂಕ್ಷನ್, ಹಾಗಾಗಿ 62 ಒಳ್ಳೆಯ ಅಂಕವೇ. ಅಂಕದ ಕೆಳಗಿರುವ ಟಿಪ್ಪಣಿ ಓದಿ, ಅರ್ಥವಾಗದಿದ್ದರೆ ಪ್ರಾಧ್ಯಾಪಕರು ಗೊತ್ತುಮಾಡಿದ ವೇಳೆಯಲ್ಲಿ ಹೋಗಿ ಕೇಳಿ.

ಕೃತಿಚೌರ್ಯದಲ್ಲಿ ಸಿಕ್ಕಿಬೀಳುವ ಹುಡುಗರಲ್ಲಿ ಹೆಚ್ಚಿನವರು ಕದಿಯಲು ಹೊರಟವರಲ್ಲ. ಇಲ್ಲಿ ಪ್ರಾಜೆಕ್ಟ್ ರಿಪೋರ್ಟಿಗೆ ಸೀನಿಯರಿನ ಫೈಲ್ ತೆಗೆದು ಹೆಸರು ಬದಲಿಸಿದ ರೂಢಿ, ಅಷ್ಟೆ. ಟರ್ನಿಟಿನ್ ಎಂಬ ತಂತ್ರಾಂಶದ ಶೇಕಡಾವಾರು ತೋರಿಸುವುದು ನಿಮ್ಮ ಬರಹ ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆ ಎಂಬುದನ್ನು ಮಾತ್ರ. ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಶೇಕಡಾವಾರು ಇಳಿಸಿದರೂ ಓದುವ ಮನುಷ್ಯನ ಕಣ್ಣಿಗೆ ಬೀಳುತ್ತದೆ. ಮೂಲ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆಯಿರಿ, ಬರೆಯುವಾಗಲೇ ಆಕರ ನಮೂದಿಸಿ. ಆಕರಗಳನ್ನು ಜೋಡಿಸಿಡುವ ತಂತ್ರಾಂಶ ಝೊಟೆರೊ ಉಚಿತ, ಅದನ್ನು ಮೊದಲ ವಾರವೇ ಹಾಕಿಕೊಳ್ಳಿ. ಜ್ವರ ಬಂದು ಗಡುವು ತಪ್ಪುವ ಹಾಗಿದ್ದರೆ ವಿಸ್ತರಣೆಯನ್ನು ಗಡುವಿಗೆ ಮೊದಲೇ, ವೈದ್ಯರ ಪತ್ರದೊಂದಿಗೆ ಕೇಳಿ.

ಪಾರ್ಟ್‌ಟೈಮ್ ಕೆಲಸಕ್ಕೆ ಬ್ರಿಟನ್ನಿನಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಈ ವಾರ 15, ಮುಂದಿನ ವಾರ 25 ಎಂದು ಸರಿದೂಗಿಸುವಂತಿಲ್ಲ. ಬೇರೆಯವರ ಖಾತೆಯಲ್ಲಿ ಊಟ ಡೆಲಿವರಿಗೆ ಹೋಗುವುದಂತೂ ವೀಸಾಕ್ಕೇ ಕುತ್ತು, ವಿದ್ಯಾರ್ಥಿಗೆ ಸ್ವಂತ ಉದ್ಯೋಗದ ಅನುಮತಿಯೇ ಇಲ್ಲ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಅಲ್ಲಿ ಹೋಟೆಲ್ ಕೆಲಸಕ್ಕಿಂತ ವಿಭಾಗದ ಸಹಾಯಕ ಹುದ್ದೆ ‘ಹೀವಿ’ ಲೇಸು: ಲ್ಯಾಬಿನ ಒಳಗಿರುತ್ತೀರಿ, ಪ್ರಬಂಧಕ್ಕೆ ಮಾರ್ಗದರ್ಶಕರು ಅಲ್ಲೇ ಸಿಗುತ್ತಾರೆ. ಸಾಮಾನ್ಯ ಪ್ರಕಟಣೆಗೆ ಕಾಯದೆ, ಎರಡನೇ ಸೆಮಿಸ್ಟರ್ ಶುರುವಾಗುವ ಮೊದಲು ಒಂದು ಪುಟದ ಸಿವಿ ಮತ್ತು ನಿಮ್ಮ ಅಂಕಪಟ್ಟಿ ಲಗತ್ತಿಸಿ ನೇರವಾಗಿ ಸಂಶೋಧಕರಿಗೆ ಇಮೇಲ್ ಬರೆಯಿರಿ.