ಥಾಯ್ ರಾಜಶೋಕದ ದಿನಗಳು: ಅಲ್ಲಿ ನೆಲೆಸಿರುವ ಕನ್ನಡಿಗರಿಗೆ

ಥಾಯ್ಲೆಂಡಿನಲ್ಲಿ ರಾಜ ತೀರಿಕೊಂಡಾಗ ಹೊರಡುವ ಸರ್ಕಾರಿ ಪ್ರಕಟಣೆಯಲ್ಲಿ ಎರಡು ಬಗೆಯ ಮಾತಿರುತ್ತದೆ. ಸರ್ಕಾರಿ ನೌಕರರಿಗೆ ಆಜ್ಞೆ, ಉಳಿದವರಿಗೆ ಮನವಿ. 2016ರ ಅಕ್ಟೋಬರ್ 13ರಂದು ಒಂಬತ್ತನೇ ರಾಮ, ಅಂದರೆ ರಾಜ ಭೂಮಿಬೋಲ್ ಅದುಲ್ಯದೇಜ್, ಸಿರಿರಾಜ್ ಆಸ್ಪತ್ರೆಯಲ್ಲಿ ನಿಧನರಾದಾಗ ನೌಕರರಿಗೆ ಒಂದು ವರ್ಷದ ಶೋಕ, ಸರ್ಕಾರಿ ಕಟ್ಟಡಗಳ ಮೇಲೆ 30 ದಿನ ಅರ್ಧಕ್ಕಿಳಿದ ಬಾವುಟ ಎಂದು ಆದೇಶವಾಯಿತು. ಜನರಿಗೆ ಹೇಳಿದ್ದು 30 ದಿನ ಸಂಭ್ರಮದ ಕಾರ್ಯಕ್ರಮ ಬೇಡ ಎಂದಷ್ಟೇ. 2025ರ ಅಕ್ಟೋಬರ್ 24ರಂದು ರಾಜಮಾತೆ ಸಿರಿಕಿತ್ ತೀರಿಕೊಂಡಾಗಲೂ ಹೆಚ್ಚುಕಡಿಮೆ ಇದೇ ಅಚ್ಚು: ಬಾವುಟಕ್ಕೆ 30 ದಿನ, ನೌಕರರಿಗೆ ಒಂದು ವರ್ಷ, ಜನಸಾಮಾನ್ಯರು 90 ದಿನ ಕಪ್ಪು ಅಥವಾ ಮಂಕು ಬಣ್ಣ ಉಡಲಿ ಎಂಬ ಕೋರಿಕೆ.

ಕೋರಿಕೆ ತಾನೇ ಎಂದು ಸುಮ್ಮನಿರುವಂತಿಲ್ಲ, ಹಾಗಂತ ಗಾಬರಿಯೂ ಬೇಡ. ವಿದೇಶಿಯರು ಕಪ್ಪು ಉಡಲಿಲ್ಲವೆಂದು ಪೊಲೀಸರು ಹಿಡಿದೊಯ್ಯುವುದಿಲ್ಲ. ಹೊರಗಿನವರಿಗೆ ನಿಜವಾದ ಅಪಾಯ ಇರುವುದು ಬಟ್ಟೆಯಲ್ಲಲ್ಲ, ಫೋನಿನಲ್ಲಿ.

ಮೊದಲು ಕಾಗದಪತ್ರದ ವಿಷಯ ಮುಗಿಸೋಣ. ಭೂಮಿಬೋಲ್ ಅವರ ನಿಧನ ಮಧ್ಯಾಹ್ನ 3:52ಕ್ಕೆ. ಅರಮನೆಯ ಪ್ರಕಟಣೆ ಬಂದದ್ದು ಸಂಜೆ ಏಳರ ಹೊತ್ತಿಗೆ. ಮರುದಿನವೇ ಸರ್ಕಾರಿ ರಜೆ, ಆದರೆ ಶೇರುಪೇಟೆ ತೆರೆದಿತ್ತು. ಅಂದರೆ ಯಾವುದು ಮುಚ್ಚುತ್ತದೆ, ಯಾವುದು ತೆರೆದಿರುತ್ತದೆ ಎಂಬುದು ರಾತ್ರೋರಾತ್ರಿ ತೀರ್ಮಾನವಾಗುತ್ತದೆ. ವೀಸಾ ವಿಸ್ತರಣೆಯನ್ನು ಕೊನೆಯ ದಿನದವರೆಗೆ ಎಳೆಯುವ ಚಾಳಿ ನಮ್ಮವರಲ್ಲಿ ಜಾಸ್ತಿ. ಅವಧಿ ಮೀರಿದರೆ ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್ ದಂಡ. 90 ದಿನಕ್ಕೊಮ್ಮೆ ವಿಳಾಸ ವರದಿ ಕೊಡಲು ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಅವಕಾಶವಿದೆ; ಮೊದಲ ವಾರದಲ್ಲೇ ಕೊಟ್ಟು ಕೈತೊಳೆದುಕೊಳ್ಳಿ. ಪ್ರಕಟಣೆಗಳಲ್ಲಿ ಬೌದ್ಧ ಶಕೆ ಇರುತ್ತದೆ, ಅದರಲ್ಲಿ 543 ಕಳೆದರೆ ನಮ್ಮ ಲೆಕ್ಕ: 2559 ಎಂದರೆ 2016, 2568 ಎಂದರೆ 2025.

ಇನ್ನು ಬಟ್ಟೆ. ಕಪ್ಪು ಎಲ್ಲಕ್ಕಿಂತ ಸುರಕ್ಷಿತ. ಬಿಳಿಯೂ ಅಲ್ಲಿ ಶೋಕದ ಬಣ್ಣವೇ. ಬೂದು, ಕಡುನೀಲಿ ಕೂಡ ನಡೆಯುತ್ತವೆ. ಕೆಂಪು, ಕಿತ್ತಳೆ, ಗಿಣಿಹಸಿರು, ಜರತಾರಿ ಬೇಡ. ನಮ್ಮಲ್ಲಿ ಕಪ್ಪು ಸೀರೆ ಕಂಡರೆ ಮುಖ ಸಿಂಡರಿಸುವ ಹಿರಿಯರಿದ್ದಾರೆ, ಹೊಸದಾಗಿ ಮದುವೆಯಾದವರಿಗಂತೂ ಮನೆಯಲ್ಲೇ ತಕರಾರು. ಅಂಥವರಿಗೆ ಕಪ್ಪಂಚಿನ ಬಿಳಿ ಹತ್ತಿ ಸೀರೆ ಅಥವಾ ಬೂದು ಬಣ್ಣದ ಚೂಡಿದಾರ ಸರಿಹೋಗುತ್ತದೆ. ಕುಂಕುಮ, ತಾಳಿಯನ್ನು ಯಾರೂ ಆಕ್ಷೇಪಿಸುವುದಿಲ್ಲ. ದಪ್ಪನೆಯ ಚಿನ್ನದ ಹಾರ ಮಾತ್ರ ಮನೆಯಲ್ಲಿರಲಿ. ಏನೂ ಇಲ್ಲದಿದ್ದರೆ ಎದೆಗೋ ಎಡತೋಳಿಗೋ ಒಂದು ಕಪ್ಪು ರಿಬ್ಬನ್ ಪಿನ್ ಮಾಡಿಕೊಂಡರೂ ಸಾಕು.

2016ರಲ್ಲಿ ಕೆಲವೇ ದಿನಗಳಲ್ಲಿ ಅಂಗಡಿಗಳಲ್ಲಿ ಕಪ್ಪು ಬಟ್ಟೆ ಖಾಲಿಯಾಯಿತು, ಬೆಲೆ ಏರಿತು, ವಾಣಿಜ್ಯ ಸಚಿವಾಲಯ ವರ್ತಕರಿಗೆ ಎಚ್ಚರಿಕೆ ಕೊಡಬೇಕಾಯಿತು. ಬ್ಯಾಂಕಾಕಿನ ರಸ್ತೆಬದಿಯಲ್ಲಿ ದೊಡ್ಡ ಹಂಡೆಗಳನ್ನಿಟ್ಟು ಜನರ ಬಟ್ಟೆಗೆ ಉಚಿತವಾಗಿ ಬಣ್ಣ ಹಾಕಿಕೊಟ್ಟರು. ಮನೆಯಲ್ಲೇ ಮಾಡುವುದಾದರೆ ಅರ್ಧ ಕಿಲೋ ಹತ್ತಿ ಬಟ್ಟೆಗೆ 10–12 ಲೀಟರ್ ಬಿಸಿನೀರು, ಸುಮಾರು 300 ಗ್ರಾಂ ಉಪ್ಪು, ಬೇರೆ ಬಣ್ಣಕ್ಕೆ ಹಾಕುವುದರ ಎರಡರಷ್ಟು ಕಪ್ಪು ಪುಡಿ. ಪುಡಿ ಕಡಿಮೆಯಾದರೆ ಕಪ್ಪಿನ ಬದಲು ನೇರಳೆಯೋ ಪಾಚಿ ಹಸಿರೋ ಬರುತ್ತದೆ. ಬಟ್ಟೆಯನ್ನು ಮೊದಲೇ ನೆನೆಸಿ, ಹಿಂಡಿ, ಆಮೇಲೆ ಬಣ್ಣಕ್ಕಿಳಿಸಿ. ಒಣಬಟ್ಟೆ ಹಾಕಿದರೆ ಮಚ್ಚೆ ಮಚ್ಚೆಯಾಗುತ್ತದೆ. ಕುದಿಯುವ ಮುಂಚಿನ ಬಿಸಿಯಲ್ಲಿ ಮುಕ್ಕಾಲು ಗಂಟೆ ತಿರುವುತ್ತಿರಬೇಕು. ಪಾಲಿಯೆಸ್ಟರ್ ಈ ಬಣ್ಣ ಹಿಡಿಯುವುದಿಲ್ಲ. ಹತ್ತಿ ಅಂಗಿಯಲ್ಲೂ ಹೊಲಿಗೆಯ ದಾರ ಬಹುತೇಕ ಪಾಲಿಯೆಸ್ಟರ್ ಆದ್ದರಿಂದ ಕಪ್ಪು ಅಂಗಿಯ ಮೇಲೆ ಹಳೆಯ ಬಣ್ಣದ ಹೊಲಿಗೆ ಸಾಲಾಗಿ ಎದ್ದು ಕಾಣುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ಜಾಲಿಸಿ, ಇಲ್ಲದಿದ್ದರೆ ಬ್ಯಾಂಕಾಕಿನ ಬೆವರಿಗೆ ಕುತ್ತಿಗೆ, ಕಂಕುಳೆಲ್ಲ ಮಸಿ.

ಅಂದು ಕಪ್ಪು ಉಡದವರನ್ನು ಕೆಲವರು ಬೀದಿಯಲ್ಲೂ ಅಂತರ್ಜಾಲದಲ್ಲೂ ಹೀಗಳೆದದ್ದುಂಟು. ಬಟ್ಟೆ ಕೊಳ್ಳಲಾಗದವರಿರುತ್ತಾರೆ, ತಾಳ್ಮೆಯಿರಲಿ ಎಂದು ಸರ್ಕಾರವೇ ಬುದ್ಧಿ ಹೇಳಿತು. ಯಾರಾದರೂ ನಿಮ್ಮನ್ನು ಆಕ್ಷೇಪಿಸಿದರೆ ವಾದಕ್ಕಿಳಿಯದೆ ಕೈಮುಗಿದು ಮುಂದೆ ಸಾಗಿ.

ಇನ್ನು ಫೋನು. ದಂಡಸಂಹಿತೆಯ 112ನೇ ಕಲಂ ಪ್ರಕಾರ ರಾಜ, ರಾಣಿ, ಉತ್ತರಾಧಿಕಾರಿ ಅಥವಾ ರಾಜಪ್ರತಿನಿಧಿಯನ್ನು ನಿಂದಿಸಿದರೆ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು. ತೀರಿಕೊಂಡ ರಾಜರಿಗೂ ಇದು ಅನ್ವಯಿಸುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿದೆ. ದೂರನ್ನು ಅರಮನೆಯೇ ಕೊಡಬೇಕೆಂದಿಲ್ಲ, ದಾರಿಹೋಕನೂ ಕೊಡಬಹುದು. ಹೊಸ ರಾಜರ ಬಗ್ಗೆ ಬಿಬಿಸಿ ಥಾಯ್ ಬರೆದ ಪರಿಚಯ ಲೇಖನವನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡ ಕಾನೂನು ವಿದ್ಯಾರ್ಥಿಯೊಬ್ಬನಿಗೆ 2017ರಲ್ಲಿ ಎರಡೂವರೆ ವರ್ಷದ ಶಿಕ್ಷೆಯಾಯಿತು. ಬರೆದದ್ದು ಅವನಲ್ಲ, ಹಂಚಿದ್ದಷ್ಟೇ. ಹಾಗಾಗಿ ಊರಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬರುವ ಮೀಮು, ಆಸ್ತಿಯ ಲೆಕ್ಕ, ಮದುವೆಗಳ ಪುರಾಣ ಯಾವುದನ್ನೂ ಫಾರ್ವರ್ಡ್ ಮಾಡಬೇಡಿ, ಲೈಕ್ ಒತ್ತಬೇಡಿ. ಕನ್ನಡದಲ್ಲಿದೆ, ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯವೂ ಬೇಡ. ಅನುವಾದಿಸುವ ಗುಂಡಿ ಎಲ್ಲರ ಫೋನಿನಲ್ಲೂ ಇದೆ. ಆಫೀಸಿನಲ್ಲಿ ‘ಮುಂದಿನವರು ಹೇಗಂತೆ?’ ಎಂಬ ಪ್ರಶ್ನೆಯನ್ನೂ ಎತ್ತಬೇಡಿ. ಸಹೋದ್ಯೋಗಿಗೆ ‘ಸಿಯಾ ಜಾಯ್ ದುವಾಯ್’ ಎನ್ನಿ, ಗಂಡಸರು ಕೊನೆಗೆ ‘ಖ್ರಾಪ್’, ಹೆಂಗಸರು ‘ಖಾ’ ಸೇರಿಸಬೇಕು. ಅಷ್ಟು ಸಾಕು.

ಕಾಕತಾಳೀಯವೋ ಏನೋ, ಎರಡು ಸಲವೂ ಈ ಮೂವತ್ತು ದಿನದೊಳಗೇ ನವೆಂಬರ್ 1 ಬಂತು. 2016ರಲ್ಲಿ ಅಕ್ಟೋಬರ್ 30ರ ದೀಪಾವಳಿಯೂ ಅದರೊಳಗೇ ಇತ್ತು. ಮನೆಯೊಳಗಿನ ಪೂಜೆ, ಹಣತೆ, ಹೋಳಿಗೆಗೆ ಯಾರ ಅಡ್ಡಿಯೂ ಇಲ್ಲ. ಪಟಾಕಿ, ಬಾಲ್ಕನಿಯ ಬಣ್ಣದ ದೀಪದ ಸರ ಬೇಡ. ಸಭಾಂಗಣ ಕಾಯ್ದಿರಿಸಿ ರಾಜ್ಯೋತ್ಸವ ಮಾಡುವ ಬಳಗಗಳು ಕಾರ್ಯಕ್ರಮವನ್ನು ಮುಂದೂಡುವುದು ಮೇಲು. ಡೊಳ್ಳು, ಆರ್ಕೆಸ್ಟ್ರಾ, ಅರಿಶಿನ-ಕುಂಕುಮ ಬಾವುಟದ ಮೆರವಣಿಗೆ ಆ ತಿಂಗಳಲ್ಲಿ ಹೊಂದುವುದಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವಾಗಲೇ ‘ರಾಷ್ಟ್ರೀಯ ಶೋಕದ ಕಾರಣಕ್ಕೆ ಮುಂದೂಡಿದರೆ ಮುಂಗಡ ಉಳಿಯಬೇಕು’ ಎಂಬ ಷರತ್ತನ್ನು ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ. ಫುಕೆಟ್, ಹುವಾ ಹಿನ್‌ಗಳಲ್ಲಿ ಮದುವೆ ಇಟ್ಟುಕೊಂಡವರಿಗೂ ಇದೇ ಮಾತು: ಶಾಸ್ತ್ರ ನಡೆಸಬಹುದು, ಬಯಲಿನ ಬರಾತು, ಡಿಜೆ, ಬಾಣಬಿರುಸು ಬಿಡಬೇಕಾಗುತ್ತದೆ. 2016ರ ಅಕ್ಟೋಬರಿನಲ್ಲಿ ಕೋ ಫಂಗನ್ ದ್ವೀಪದ ಹುಣ್ಣಿಮೆ ಪಾರ್ಟಿಯೇ ರದ್ದಾಗಿತ್ತು.

ಅಂತಿಮ ನಮನಕ್ಕೆ ಹೋಗುವುದಾದರೆ ಸ್ಥಳ ಗ್ರ್ಯಾಂಡ್ ಪ್ಯಾಲೇಸಿನ ದುಸಿತ್ ಮಹಾ ಪ್ರಸಾತ್ ಸಭಾಂಗಣ. 2016ರ ಅಕ್ಟೋಬರ್ 29ರಿಂದ 2017ರ ಅಕ್ಟೋಬರ್ 5ರವರೆಗೆ ಅಲ್ಲಿಗೆ ಬಂದವರು 1.2 ಕೋಟಿಗೂ ಹೆಚ್ಚು. ಸರದಿ ಗಂಟೆಗಟ್ಟಲೆ. ಮೂಲ ಪಾಸ್‌ಪೋರ್ಟ್, ನೀರು, ಕೊಡೆ ಜೊತೆಗಿರಲಿ. ಗಂಡಸರಿಗೆ ಪ್ಯಾಂಟು, ತೋಳಿನ ಅಂಗಿ, ಮುಚ್ಚಿದ ಷೂ. ಹೆಂಗಸರಿಗೆ ಮೊಣಕಾಲು ಮುಚ್ಚುವ ಲಂಗ. ಆಗ ಥಾಯ್ ಹೆಂಗಸರಿಗೆ ಪ್ಯಾಂಟು ನಿಷಿದ್ಧವಿತ್ತು, ಆದ್ದರಿಂದ ಚೂಡಿದಾರಕ್ಕಿಂತ ಸೀರೆ ವಾಸಿ. ಒಳಗೆ ಫೋಟೊ ಇಲ್ಲ. ಕಾಲು ಹಿಂದಕ್ಕೆ ಮಡಚಿ ಕುಳಿತು, ಕೈಮುಗಿದು, ಬಾಗಿ ಹಣೆ ಮುಟ್ಟಿಸುವುದು ಒಂದೇ ಸಲ, ಅದೂ ಅಂಗೈ ಬಿಚ್ಚದೆ. ಮೂರು ಸಲ ಅಂಗೈ ಬಿಚ್ಚಿ ನಮಸ್ಕರಿಸುವುದು ಬುದ್ಧನಿಗೆ. ನಮ್ಮವರು ಭಕ್ತಿಯಿಂದ ಮೂರು ಸಲ ಅಡ್ಡಬೀಳುತ್ತಾರೆ, ಎಡವುವುದು ಅಲ್ಲೇ. ಮಂಡಿನೋವಿದ್ದರೆ ನಿಂತೇ ತಲೆಬಾಗಿದರೂ ಆಯಿತು.

ಎದುರಿಗೆ ಕಾಣುವ ಚಿನ್ನದ ಕರಂಡದೊಳಗೆ ದೇಹವಿರುತ್ತದೆಂದು ಅನೇಕರ ನಂಬಿಕೆ. ಹಿಂದೆ ಹಾಗಿತ್ತು, ಭೂಮಿಬೋಲ್ ಅವರ ದೇಹವಿದ್ದದ್ದು ಪೆಟ್ಟಿಗೆಯಲ್ಲಿ, ಕರಂಡ ಸಾಂಕೇತಿಕ. ಅಂದೇ ಸುಡುವ ರೂಢಿಯ ನಮಗೆ ವರ್ಷದಷ್ಟು ಕಾಯುವುದು ವಿಚಿತ್ರ ಅನ್ನಿಸಬಹುದು. 7, 15, 50, 100ನೇ ದಿನಗಳಿಗೆ ಬೌದ್ಧ ಭಿಕ್ಷುಗಳ ಪಠಣ ನಡೆಯುತ್ತದೆ, ಅತ್ತ ಸನಂ ಲುವಾಂಗ್ ಮೈದಾನದಲ್ಲಿ ಮೇರು ಪರ್ವತದ ಮಾದರಿಯ ಚಿತಾಮಂಟಪ ಏಳುತ್ತದೆ. ನಮ್ಮ ಪುರಾಣದ ಅದೇ ಮೇರು. ಭೂಮಿಬೋಲ್ ಅವರ ಮಂಟಪಕ್ಕೆ ಒಂಬತ್ತು ಶಿಖರ, 50 ಮೀಟರಿಗೂ ಮಿಗಿಲಾದ ಎತ್ತರವಿತ್ತು. ಕರಂಡವನ್ನು ಹೊತ್ತದ್ದು 1795ರಲ್ಲಿ ಒಂದನೇ ರಾಮನ ಕಾಲದಲ್ಲಿ ಮಾಡಿಸಿದ ಮಹಾವಿಜಯ ರಥ. ಎಳೆದವರು 216 ಮಂದಿ.

ಅವರ ಅಂತ್ಯವಿಧಿ 2017ರ ಅಕ್ಟೋಬರ್ 25ರಿಂದ 29ರವರೆಗೆ ಐದು ದಿನ ನಡೆಯಿತು. ದಹನದ ದಿನ 26, ಸಾರ್ವತ್ರಿಕ ರಜೆ. ಮಧ್ಯಾಹ್ನದ ನಂತರ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿದವು, ದಿನಸಿ ಹಿಂದಿನ ದಿನವೇ ತಂದಿಡಬೇಕು. ಸಂಜೆ ಐದೂವರೆಗೆ ಸಾಂಕೇತಿಕ ಅಗ್ನಿಸ್ಪರ್ಶ, ನಿಜವಾದ ದಹನ ರಾತ್ರಿ ಹತ್ತರ ಹೊತ್ತಿಗೆ. ಮೈದಾನಕ್ಕೆ ಹೋಗಲಾಗದವರಿಗೆ ಪ್ರತಿ ಪ್ರಾಂತ್ಯದಲ್ಲೂ ಮಾದರಿ ಮಂಟಪವಿತ್ತು. ಅಲ್ಲಿ ‘ದೊಕ್ ಮಾಯ್ ಚನ್’ ಎಂಬ ಗಂಧದ ಹೂವು ಇಟ್ಟು ಬರುವುದು ಪದ್ಧತಿ, ಸಾಮಾನ್ಯ ಥಾಯ್ ಶವಸಂಸ್ಕಾರದಲ್ಲೂ ಇದೇ. ಮೆರವಣಿಗೆ ಹಾಯುವಾಗ ಟೋಪಿ ತೆಗೆದು ಕೊಡೆ ಮಡಚಿ, ಮೇಲ್ಸೇತುವೆಯಿಂದಲೋ ಮಹಡಿಯಿಂದಲೋ ಬಗ್ಗಿ ನೋಡಬೇಡಿ.

ಪಟ್ಟಕ್ಕೂ ಪಟ್ಟಾಭಿಷೇಕಕ್ಕೂ ನಡುವೆ ದೊಡ್ಡ ಅಂತರವಿರುತ್ತದೆ. ಭೂಮಿಬೋಲ್ ಅವರ ಮಗ ಮಹಾ ವಜಿರಲೊಂಗಕಾರ್ನ್ ಸಿಂಹಾಸನ ಒಪ್ಪಿಕೊಂಡದ್ದು 2016ರ ಡಿಸೆಂಬರ್ 1ರಂದು, ಜಾರಿಯಾದದ್ದು ಅಕ್ಟೋಬರ್ 13ರಿಂದಲೇ. ಪಟ್ಟಾಭಿಷೇಕ 2019ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ಊರೆಲ್ಲ ಹಳದಿ ಅಂಗಿ, ಸೋಮವಾರ ಹುಟ್ಟಿದ ರಾಜರ ಬಣ್ಣ ಅದು. ಅಕ್ಟೋಬರ್ 13 ಈಗ ಪ್ರತಿವರ್ಷ ರಜೆ. ಭೂಮಿಬೋಲ್ ಹುಟ್ಟಿದ ಡಿಸೆಂಬರ್ 5 ಕೂಡ ರಜೆಯಾಗಿಯೇ ಉಳಿದಿದೆ. ಆ ಎರಡು ದಿನ ಬ್ಯಾಂಕು, ಇಮಿಗ್ರೇಶನ್ ಕಚೇರಿ ಮುಚ್ಚಿರುತ್ತವೆ.