ಪಿಲಾರ್ ಗಂಡನಿಗೆ ‘ನೀವು’ ಅನ್ನಬೇಕಾ?

ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಸ್ಪೇನಿನ ಎರಡು ಸಿನಿಮಾ ತೋರಿಸೋಣ ಅಂತ ಮಾತಾಯಿತು. ನಾಲ್ಕು ವರ್ಷ ಸ್ಪ್ಯಾನಿಷ್ ಕಲಿತಿದ್ದ ತಪ್ಪಿಗೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ಮೊದಲನೆಯದು ‘ತೆ ದೋಯ್ ಮಿಸ್ ಓಹೋಸ್’, ಅಂದರೆ ‘ನನ್ನ ಕಣ್ಣು ನಿನಗೆ ಕೊಡ್ತೀನಿ’. 2003ರ ಚಿತ್ರ, ನಿರ್ದೇಶಕಿ ಇಸಿಯಾರ್ ಬೊಯಾಯಿನ್. ಸ್ಪೇನಿನ ಗೋಯಾ ಪ್ರಶಸ್ತಿ ಏಳು ಬಂದಿದೆ. ತೊಲೆದೊ ಊರಿನ ಪಿಲಾರ್ ಹೊಡೆಯುವ ಗಂಡನನ್ನು ಬಿಟ್ಟು ಬರುತ್ತಾಳೆ, ಮತ್ತೆ ಅವನ ಹತ್ತಿರವೇ ಹೋಗುತ್ತಾಳೆ. ಯಾಕೆ ಹೋಗುತ್ತಾಳೆ ಅನ್ನುವುದೇ ಸಿನಿಮಾ.

ಶುರುವಿನಲ್ಲೇ ಎಡವಿದೆ. ರಾತ್ರಿ ಹೊತ್ತಲ್ಲಿ ಮಗನನ್ನು ಎಬ್ಬಿಸಿಕೊಂಡು ಒಡಹುಟ್ಟಿದವಳ ಮನೆಗೆ ಓಡಿಬಂದ ಪಿಲಾರ್‌ಗೆ ಅಲ್ಲಿಗೆ ಬಂದಮೇಲೆ ಗೊತ್ತಾಗುತ್ತದೆ, ಕಾಲಲ್ಲಿರುವುದು ‘ಸಪಾತಿಯಾಸ್’, ಅಂದರೆ ಮನೆಯೊಳಗೆ ಹಾಕುವ ಚಪ್ಪಲಿ. ಅವಳ ಹೆದರಿಕೆ ಎಷ್ಟಿತ್ತು ಅಂತ ನಮಗೆ ತಿಳಿಯುವುದೇ ಅದರಿಂದ. ನಾನು ಸುಮ್ನೆ ‘ಚಪ್ಪಲೀಲೇ ಬಂದ್ಬಿಟ್ಟೆ’ ಅಂತ ಬರೆದೆ. ಓದಿದ ಗೆಳತಿ ಕೇಳಿದಳು, “ಚಪ್ಪಲೀಲಿ ಬರದೆ ಇನ್ನೇನ್ರೀ?” ನಿಜ ಅಲ್ವಾ. ಇಲ್ಲಿ ಮದುವೆ ಮನೆಗೂ ಚಪ್ಪಲಿಯಲ್ಲೇ ಹೋಗುತ್ತೇವೆ. ‘ಬರಿಗಾಲಲ್ಲಿ’ ಅಂದರೆ ಸರಿಹೋಗುತ್ತಿತ್ತು, ಆದರೆ ಪರದೆ ಮೇಲೆ ಅವಳ ಕಾಲು ಕಾಣುತ್ತಿದೆ. ಕೊನೆಗೆ ‘ಮನೆಯೊಳಗೆ ಹಾಕೋ ಚಪ್ಪಲೀಲೇ ಬಂದ್ಬಿಟ್ಟೆ’ ಅಂದೆ. ಉದ್ದವಾಯಿತು, ಇರಲಿ.

ಇದಕ್ಕಿಂತ ದೊಡ್ಡ ತಪ್ಪು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸ್ಪ್ಯಾನಿಷ್‌ನಲ್ಲಿ ಗಂಡ-ಹೆಂಡತಿ ಒಬ್ಬರಿಗೊಬ್ಬರು ‘ತು’ ಅನ್ನುತ್ತಾರೆ, ಅಂದರೆ ನೀನು. ನಾನು ಮಾತ್ರ ಅವನ ಬಾಯಲ್ಲಿ ‘ನೀನು’, ಅವಳ ಬಾಯಲ್ಲಿ ‘ನೀವು’ ಹಾಕಿದ್ದೆ. ಎರಡು ಕಡೆ ‘ರೀ’ ಕೂಡ ಬಂದಿತ್ತು! ಬೇಕಂತ ಮಾಡಿದ್ದಲ್ಲ, ಕೈಗೆ ಬಂದದ್ದೇ ಹಾಗೆ. ಇಪ್ಪತ್ತು ನಿಮಿಷದ ಭಾಗ ನೋಡಿದ ಅದೇ ಗೆಳತಿ, “ಇವಳು ಜಗಳಕ್ಕೆ ಮುಂಚೆನೇ ಸೋತಿದಾಳಲ್ಲ, ಸೀರಿಯಲ್ ಸೊಸೆ ಥರ,” ಅಂದಳು.

ಪಿಲಾರ್ ಹಾಗಿಲ್ಲ. ಅವಳಿಗೆ ಗಂಡನ ಮೇಲೆ ಆಸೆ ಇದೆ. ಪ್ರೀತಿ ಮಾಡುವಾಗ ಒಬ್ಬರಿಗೊಬ್ಬರು ಮೈಯ ಒಂದೊಂದು ಅಂಗವನ್ನೂ ಕೊಡುವ ಆಟ ಆಡುತ್ತಾರೆ, ಸಿನಿಮಾದ ಹೆಸರು ಬಂದದ್ದು ಅಲ್ಲಿಂದ. ಆ ಆಟದಲ್ಲಿ ‘ನೀವು’ ಹಾಕಿ ನೋಡಿ, ಕೇಳೋಕಾಗಲ್ಲ. ಅವಳ ಭಯವನ್ನು ಪಿಲಾರ್ ಪಾತ್ರದ ನಟಿ ಲಾಯಿಯಾ ಮರುಲ್ ಮುಖದಲ್ಲಿ, ಬೀಗದ ಸದ್ದಿಗೆ ಸೆಟೆಯುವ ಬೆನ್ನಿನಲ್ಲಿ ತೋರಿಸುತ್ತಾಳೆ. ನಾನು ವ್ಯಾಕರಣದಲ್ಲಿ ತೋರಿಸಿದರೆ ಅವಳಿಗೇನು ಕೆಲಸ? ಎಲ್ಲ ‘ನೀವು’ ಹುಡುಕಿ ತೆಗೆದೆ. ಇಂಗ್ಲಿಷ್ ಸಬ್‌ಟೈಟಲ್ ನೆಚ್ಚಿಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅಲ್ಲಿ ಎಲ್ಲರೂ ‘ಯೂ’.

ಅನುವಾದದವರು ಹೆಂಗಸಿನ ಹಣೆಬರಹ ಬದಲಿಸಿದ ದೊಡ್ಡ ಕಥೆ ಸ್ಪೇನಿನಲ್ಲೇ ಇದೆ. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಹಾಲಿವುಡ್‌ನ ‘ಮೊಗಾಂಬೊ’ ಬಂದಾಗ, ಮದುವೆಯಾದವಳು ಇನ್ನೊಬ್ಬನನ್ನು ಇಷ್ಟಪಡುವುದು ಸೆನ್ಸಾರ್‌ಗೆ ಹಿಡಿಸಲಿಲ್ಲ. ಡಬ್ಬಿಂಗ್‌ನಲ್ಲಿ ಗಂಡ-ಹೆಂಡತಿಯನ್ನು ಅಣ್ಣ-ತಂಗಿ ಮಾಡಿಬಿಟ್ಟರು. ಆದರೆ ಪರದೆ ಮೇಲೆ ಅವರು ಗಂಡ-ಹೆಂಡತಿಯ ಹಾಗೇ ಇರುತ್ತಾರಲ್ಲ. ಕಳಂಕ ತಪ್ಪಿಸಲು ಹೋಗಿ ಇನ್ನೂ ದೊಡ್ಡದನ್ನು ಅಂಟಿಸಿದರು. ನನ್ನ ‘ನೀವು’ ನೆನೆದರೆ ನಗುವುದಕ್ಕೂ ಆಗುವುದಿಲ್ಲ.

ಎರಡನೆಯದು ನಿರ್ದೇಶಕ ಅಲ್ಮೊದೊವಾರ್‌ನ ‘ವೋಲ್ವೆರ್’ (2006). ಕಾನ್ ಉತ್ಸವದಲ್ಲಿ ಅದರ ಆರು ನಟಿಯರಿಗೂ ಸೇರಿಸಿ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟರು. ಅದು ಸಲೀಸಾಯಿತು. ಮನೆಯೊಳಗೆ ಗಂಡನ ಹೆಣ ಇಟ್ಟುಕೊಂಡು ರೈಮುಂದಾ ಬಾಗಿಲು ತೆಗೆಯುತ್ತಾಳೆ. ಕತ್ತಿನ ಮೇಲೆ ರಕ್ತ ಇದೆಯಲ್ಲ ಅನ್ನುತ್ತಾನೆ ಪಕ್ಕದವನು. ‘ಹೆಂಗಸ್ರ ವಿಷ್ಯ’ ಅನ್ನುತ್ತಾಳೆ. ಅವನು ಮುಂದೆ ಕೇಳುವುದಿಲ್ಲ. ಇದಕ್ಕೆ ಅಡಿಟಿಪ್ಪಣಿ ಯಾಕೆ ಬೇಕು? ನಮ್ಮ ಸಭಾಂಗಣದಲ್ಲಿ ಮೊದಲು ನಕ್ಕವರು ಹೆಂಗಸರೇ.

ಪಿಲಾರ್ ಕಥೆಗೆ ವಾಪಸ್ ಬರುತ್ತೇನೆ. ಸ್ಪೇನಿನಲ್ಲಿ 1975ರವರೆಗೆ ಹೆಂಡತಿ ಕೆಲಸಕ್ಕೆ ಸೇರಲು, ಬ್ಯಾಂಕ್ ಖಾತೆ ತೆಗೆಯಲು ಗಂಡನ ಒಪ್ಪಿಗೆ ಬೇಕಿತ್ತು. ಆ ಕಾನೂನು ಹೋಗಿ ಇಪ್ಪತ್ತೆಂಟು ವರ್ಷವಾದ ಮೇಲೆ ಬಂದ ಸಿನಿಮಾದಲ್ಲಿ, ಮ್ಯಾಡ್ರಿಡ್‌ಗೆ ಕೆಲಸದ ಸಂದರ್ಶನಕ್ಕೆ ಹೊರಟ ಹೆಂಡತಿಯ ಬಟ್ಟೆ ಹರಿದು ಗಂಡ ಬಾಲ್ಕನಿಗೆ ತಳ್ಳುತ್ತಾನೆ. ಆ ದೃಶ್ಯದಲ್ಲಿ ಸಬ್‌ಟೈಟಲ್‌ಗೆ ಜಾಸ್ತಿ ಕೆಲಸವಿಲ್ಲ.

ಕೆಲಸ ಇದ್ದದ್ದು ಆಮೇಲೆ, ಪೊಲೀಸ್ ಠಾಣೆಯಲ್ಲಿ. ಏನಾಯಿತು ಅಂತ ಹೇಳಲು ಅವಳಿಗೆ ಮಾತು ಸಿಗುವುದಿಲ್ಲ. ಮೈಮೇಲೆ ತೋರಿಸಲು ಗಾಯವಿಲ್ಲ. ಎಲ್ಲಾ ಮುರಿದುಹೋಯಿತು ಅನ್ನುವುದನ್ನು ಹೇಗೋ ಹೇಳುತ್ತಾಳೆ. ‘ನೀವು’ಗಳನ್ನೆಲ್ಲ ತೆಗೆದಾಗಿತ್ತು, ಈ ಸಾಲು ಮಾತ್ರ ತಪ್ಪಿಸಿಕೊಂಡಿತ್ತು: ‘ಎಲ್ಲಾ ಮುರಿದುಬಿಟ್ಟಿದ್ದಾರೆ.’ ಪ್ರದರ್ಶನದ ಹಿಂದಿನ ರಾತ್ರಿ ಒಂದು ಗಂಟೆಗೆ ಕಣ್ಣಿಗೆ ಬಿತ್ತು. ‘ರೆ’ ಅಳಿಸಿ ‘ನೆ’ ಹಾಕಿ ಫೈಲ್ ಸೇವ್ ಮಾಡಿದೆ.